ಎರಿತೀಮಾ ಎಂದರೆ ಬರೀ ಕೆಂಪೇ?

ವೈದ್ಯಕೀಯ ಪದಕೋಶಗಳಲ್ಲಿ 'ಎರಿತೀಮಾ' ಪದಕ್ಕೆ ಸಾಮಾನ್ಯವಾಗಿ ಸಿಗುವ ಅರ್ಥ 'ಚರ್ಮದ ಅಸಹಜ ಕೆಂಪು'. ಗ್ರೀಕ್ ಭಾಷೆಯಲ್ಲಿ 'ಎರಿತ್ರೋಸ್' ಎಂದರೆ ಕೆಂಪು. ಕೆಂಪು ರಕ್ತಕಣವನ್ನು ಎರಿತ್ರೋಸೈಟ್ ಎನ್ನುವುದೂ ಇದರಿಂದಲೇ. ಈ ಅರ್ಥ ಚಿಕ್ಕದು, ನೆನಪಿಡಲು ಸುಲಭ. 'ಅಸಹಜ' ಎಂಬ ವಿಶೇಷಣವೂ ಅಗತ್ಯವೇ. ನಾಚಿದಾಗ, ಓಡಿ ದಣಿದಾಗ ಮುಖ ಕೆಂಪೇರಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಅದು ರೋಗವಲ್ಲ. ಆದರೆ 'ಕೆಂಪು' ಎಂಬುದನ್ನು ಹಾಗೆಯೇ ಒಪ್ಪಬಹುದೇ?

ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ಬನ್ನಿ. ಬದುವಿನ ಮೇಲಿನ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡವನ್ನು ಕೀಳುವ ಕೆಲವರಿಗೆ ಅದರಲ್ಲಿರುವ ಪಾರ್ಥೆನಿನ್ ಒಗ್ಗದೆ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಉರಿಯೂತ ಉಂಟಾಗುತ್ತದೆ. ಅವರು 'ಉರೀತದೆ, ಕಡೀತದೆ' ಎನ್ನುತ್ತಾರೆ. ಬಿಸಿಲಿನಲ್ಲಿ ದುಡಿದ ಕಪ್ಪು ಮೈಯಲ್ಲಿ ಕೆಂಪು ಹುಡುಕಿದರೆ ನಿಮಗೆ ಕಾಣದೇ ಹೋಗಬಹುದು.

ಕಾರಣ ಸರಳ. ಎರಿತೀಮಾದಲ್ಲಿ ಚರ್ಮದ ಲೋಮನಾಳಗಳು ಹಿಗ್ಗಿ ಹೆಚ್ಚು ರಕ್ತ ತುಂಬಿಕೊಳ್ಳುತ್ತದೆ. ಆ ಬಣ್ಣವನ್ನು ನಾವು ಹೊರಚರ್ಮದ ಮೂಲಕ ನೋಡುತ್ತೇವೆ. ಅಲ್ಲಿರುವ ಮೆಲನಿನ್ ಬೆಳಕನ್ನು ಹೀರುವುದರಿಂದ ಕಪ್ಪು ಚರ್ಮದಲ್ಲಿ ಅದು ನೇರಳೆ ಅಥವಾ ಕಡುಕಂದಾಗಿ ತೋರುತ್ತದೆ. ಗಾಜಿನ ಪಟ್ಟಿಯಿಂದ ಒತ್ತಿದಾಗ ಕೆಂಪು ಮಾಯವಾದರೆ ಎರಿತೀಮಾ, ಮಾಯವಾಗದಿದ್ದರೆ ಚರ್ಮದೊಳಗಿನ ರಕ್ತಸ್ರಾವವಿರಬಹುದು ಎಂದು ಪಾಠ ಹೇಳುತ್ತದೆ. ಕಪ್ಪು ಚರ್ಮದಲ್ಲಿ ಈ ಪರೀಕ್ಷೆಯೂ ಕಷ್ಟ.

ಇದು ಬರೀ ಪದಗಳ ಜಗಳವಲ್ಲ. ಹಾಸಿಗೆ ಹಿಡಿದ ಹಿರಿಯರ ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣಿನ ಮೊದಲ ಹಂತವೆಂದರೆ ಒತ್ತಿದರೂ ಮಾಯವಾಗದ ಎರಿತೀಮಾ. ಅಮೆರಿಕದ ತಜ್ಞರ ಮಂಡಳಿಯೊಂದು 2016ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿ, ಕಪ್ಪು ಚರ್ಮದಲ್ಲಿ ಇದು ಬೇರೆಯಾಗಿ ಕಾಣಬಹುದು ಎಂಬ ಮಾತಿದೆ. ಸಂವೇದನೆ, ಉಷ್ಣತೆ, ಗಡಸುತನಗಳ ಬದಲಾವಣೆ ಕಣ್ಣಿಗೆ ಕಾಣುವ ಮೊದಲೇ ಆಗಬಹುದು ಎಂದೂ ಇದೆ. ಕೆಂಪಿಗಾಗಿ ಕಾಯುತ್ತ ಕುಳಿತರೆ ಚರ್ಮ ಒಡೆದು ಹುಣ್ಣಾಗುವವರೆಗೂ ತಿಳಿಯದು.

ಆದ್ದರಿಂದ ಅರ್ಥವನ್ನು ಹೀಗೆ ತಿದ್ದೋಣ: 'ಲೋಮನಾಳಗಳು ಹಿಗ್ಗಿದ್ದರಿಂದ ಚರ್ಮದ ಬಣ್ಣದಲ್ಲಾಗುವ ಅಸಹಜ ಬದಲಾವಣೆ, ತಿಳಿ ಚರ್ಮದಲ್ಲಿ ಕೆಂಪು, ಕಪ್ಪು ಚರ್ಮದಲ್ಲಿ ನೇರಳೆ ಅಥವಾ ಕಡುಕಂದು.' ಇದು ತುಸು ಉದ್ದ, ಆದರೆ ನಮ್ಮ ಜನರ ಮೈಗೆ ಹೊಂದುತ್ತದೆ. ಅಧ್ಯಾಪಕರೇ, ಈ ಪದವನ್ನು ಕಲಿಸುವಾಗ ಬಿಳಿಯರ ಚರ್ಮದ ಚಿತ್ರವೊಂದನ್ನೇ ತೋರಿಸಿ ನಿಲ್ಲಬೇಡಿ. ಸಂದೇಹವಿರುವ ಜಾಗವನ್ನು ಪಕ್ಕದ ಚರ್ಮದೊಡನೆ ಹೋಲಿಸಿ ನೋಡಲು, ಅಂಗೈಯ ಹಿಂಭಾಗದಿಂದ ಮುಟ್ಟಿ ಬಿಸಿಯನ್ನು ಅರಿಯಲು, ನೋವು ಉರಿಗಳನ್ನು ಕೇಳಿ ತಿಳಿಯಲು ವಿದ್ಯಾರ್ಥಿಗಳಿಗೆ ಕಲಿಸಿ.