ವಿಶ್ವಕೋಶದ ಹೊಸ್ತಿಲು: ವಿವಾದ, ಆಕರ ಮತ್ತು ಗಮನಾರ್ಹತೆಯ ಪ್ರಶ್ನೆ

ಕನ್ನಡದಲ್ಲಿ ವಿಶ್ವಕೋಶ ರಚನೆಗೆ ಎರಡು ಹಳೆಯ ಮಾದರಿಗಳಿವೆ. ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲ ಪ್ರಪಂಚ’ ಏಕವ್ಯಕ್ತಿಯ ಸಾಹಸ. 1969ರಲ್ಲಿ ಮೊದಲ ಸಂಪುಟವನ್ನು ಕಂಡ ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ ವಿದ್ವಾಂಸರ ಮಂಡಲಿಯೊಂದರ ಸಾಧನೆ. ಯಾವ ವಿಷಯ ಸೇರಬೇಕು, ಯಾವುದು ಬೇಡ ಎಂಬ ನಿರ್ಧಾರ ಈ ಎರಡರಲ್ಲಿಯೂ ಸಂಪಾದಕರದೇ. ಆ ನಿರ್ಧಾರದ ಹಿಂದಿನ ಚರ್ಚೆ ಓದುಗರಿಗೆ ಕಾಣುವಂಥದಲ್ಲ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ವಿಕಿಪೀಡಿಯ ಈ ಪರದೆಯನ್ನು ಸರಿಸಿತು. ಅಲ್ಲಿ ಬರೆಯುವವರೇ ಸಂಪಾದಕರು. ಅವರ ಜಗಳವೂ ಲೇಖನದ ಬೆನ್ನಿಗೇ ದಾಖಲಾಗಿ ಉಳಿಯುತ್ತದೆ. ಹಾಗೆಂದ ಮಾತ್ರಕ್ಕೆ ಅಲ್ಲಿನ ತೀರ್ಮಾನಗಳು ಹೆಚ್ಚು ನ್ಯಾಯವಾದವು ಎನ್ನಬಹುದೇ ಎಂಬುದು ಪ್ರಸ್ತುತ ಪ್ರಬಂಧದ ಪ್ರಶ್ನೆ.

ವಿಕಿಪೀಡಿಯದ ವಿಷಯನೀತಿ ಮೂರು ಸೂತ್ರಗಳ ಮೇಲೆ ನಿಂತಿದೆ: ತಟಸ್ಥ ದೃಷ್ಟಿ, ಪರಿಶೀಲನಾರ್ಹತೆ ಮತ್ತು ಸ್ವಂತ ಸಂಶೋಧನೆಯ ನಿಷೇಧ. ಬರೆದವರು ಸತ್ಯವೆಂದು ನಂಬಿದರೆ ಸಾಲದು, ಪ್ರಕಟಿತ ಆಕರ ಬೇಕು. ಭಿನ್ನಾಭಿಪ್ರಾಯ ಬಂದಾಗ ಮೊದಲು ಚರ್ಚಾಪುಟ, ಬಳಿಕ ಮೂರನೆಯವರ ಅಭಿಪ್ರಾಯ, ಸಮುದಾಯದ ಸಮಾಲೋಚನೆ, ಕೊನೆಗೆ ನಡತೆಯ ವಿಚಾರಕ್ಕಾಗಿ ಪಂಚಾಯ್ತಿ ಮಂಡಲಿ. ಒಬ್ಬರು ಒಂದು ಪುಟದಲ್ಲಿ 24 ಗಂಟೆಗಳೊಳಗೆ ಮೂರು ಬಾರಿಗಿಂತ ಹೆಚ್ಚಾಗಿ ಇತರರ ತಿದ್ದುಪಡಿಯನ್ನು ಅಳಿಸುವಂತಿಲ್ಲ. ತಲೆ ಎಣಿಕೆಯಲ್ಲ, ವಾದದ ತೂಕವೇ ಮುಖ್ಯ ಎಂಬುದು ತತ್ತ್ವ.

ಆಚರಣೆ ಈ ತತ್ತ್ವಕ್ಕೆ ಸದಾ ಹೊಂದುವುದಿಲ್ಲ. ಬಾಲ್ಟಿಕ್ ತೀರದ ಬಂದರು ನಗರವೊಂದನ್ನು ಪೋಲಿಷ್ ಹೆಸರಿನಂತೆ ಗ್ದಾನ್ಸ್ಕ್ ಎನ್ನಬೇಕೇ, ಜರ್ಮನ್ ಹೆಸರಿನಂತೆ ಡಾಂಜಿಗ್ ಎನ್ನಬೇಕೇ ಎಂಬ ದೀರ್ಘ ಕಲಹ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಡೆಯಿತು. 2005ರಲ್ಲಿ ಅದು ಮತದಾನದಿಂದ ಮುಗಿಯಿತು: 1308ರಿಂದ 1945ರವರೆಗಿನ ಸಂದರ್ಭಗಳಲ್ಲಿ ಡಾಂಜಿಗ್, ಉಳಿದ ಕಾಲಕ್ಕೆ ಗ್ದಾನ್ಸ್ಕ್. ಇದು ಇತಿಹಾಸದ ಪ್ರಶ್ನೆಗೆ ದೊರೆತ ಉತ್ತರವಲ್ಲ. ಜಗಳವನ್ನು ನಿಲ್ಲಿಸಿದ ಒಪ್ಪಂದ. ವಿವಾದ ಪರಿಹಾರವೆಂದರೆ ಸತ್ಯನಿರ್ಣಯವಲ್ಲ ಎಂಬ ಈ ಭೇದವನ್ನು ವಿಮರ್ಶಕರು ಮರೆಯಬಾರದು.

ಒಪ್ಪಂದಕ್ಕೂ ಭಿನ್ನಮತದ ಜನ ಬೇಕು. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ಸಮಾನ ಮನಸ್ಕರ ಗುಂಪೊಂದು ನಿರ್ವಾಹಕ ಸ್ಥಾನಗಳನ್ನು ಹಿಡಿದು ಸುಮಾರು ಒಂದು ದಶಕ ಎರಡನೆಯ ಮಹಾಯುದ್ಧ ಕಾಲದ ಚರಿತ್ರೆಯನ್ನು ತಿರುಚಿದ ಸಂಗತಿ 2021ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವೇ ಪ್ರಕಟಿಸಿದ ವರದಿಯಲ್ಲಿದೆ. ಬರೆಯುವವರು ಕಡಿಮೆಯಿರುವ ಭಾಷೆಗಳಿಗೆ ಇದು ಎಚ್ಚರಿಕೆ. ನಿಯಮಗಳನ್ನು ಅನುವಾದಿಸಿಕೊಳ್ಳಬಹುದು, ಆದರೆ ಅವುಗಳನ್ನು ಕಾಯುವ ಬಹುಮತೀಯ ಸಮುದಾಯವನ್ನು ಅನುವಾದಿಸಿ ತರಲಾಗದು.

ಪ್ರವೇಶದ ಮಾನದಂಡ ಇನ್ನೂ ಸೂಕ್ಷ್ಮವಾದುದು. ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಅವರ ಕುರಿತ ಕರಡನ್ನು 2018ರ ಮೇ ತಿಂಗಳಲ್ಲಿ ಸಾಕಷ್ಟು ಸ್ವತಂತ್ರ ಆಕರಗಳಿಲ್ಲವೆಂದು ತಿರಸ್ಕರಿಸಲಾಯಿತು. ಅದೇ ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಘೋಷಣೆಯಾಯಿತು; ಲೇಖನವೂ ಅಂದೇ ಹುಟ್ಟಿತು. ಅವರೊಂದಿಗೆ ಪ್ರಶಸ್ತಿ ಪಡೆದ ಜೆರಾರ್ ಮೂರು ಅವರ ಲೇಖನ ಮೊದಲೇ ಇದ್ದಿತು. ಸಾಮಾನ್ಯವಾಗಿ ಇಲ್ಲಿ ನಿಯಮವನ್ನೇ ದೂಷಿಸುವುದುಂಟು. ಆದರೆ ವಿದ್ವಾಂಸರಿಗೆ ಪ್ರತ್ಯೇಕ ಮಾನದಂಡವಿದ್ದು, ಪ್ರಮುಖ ವಿದ್ವತ್ ಸಂಸ್ಥೆಯ ಅಧ್ಯಕ್ಷತೆ ಅದರಂತೆ ಅರ್ಹತೆಯೇ ಆಗಿದೆ. ಸ್ಟ್ರಿಕ್‌ಲ್ಯಾಂಡ್ 2013ರಲ್ಲಿ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಆದ್ದರಿಂದ ದೋಷ ನಿಯಮಕ್ಕಿಂತ ಅದರ ಅನ್ವಯದಲ್ಲಿದೆ. ಪತ್ರಿಕೆಗಳು ಯಾರನ್ನು ಗಮನಿಸಲಿಲ್ಲವೋ ಅವರನ್ನು ವಿಶ್ವಕೋಶವೂ ಗಮನಿಸಲಿಲ್ಲ.

ಈ ಹಿನ್ನೆಲೆಯಲ್ಲಿ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನೋಡಬೇಕು. ನಮ್ಮ ಜನಪದ ಗಾಯಕರು, ಸೋಬಾನೆ ಹಾಡುವವರು, ಬಯಲಾಟದ ಭಾಗವತರು ಬದುಕಿದ್ದು ಮೌಖಿಕ ಪರಂಪರೆಯಲ್ಲಿ. ಅಚ್ಚಿನ ಆಕರವನ್ನೇ ಕೇಳುವ ಮಾನದಂಡ ಅವರ ಪಾಲಿಗೆ ಮುಚ್ಚಿದ ಬಾಗಿಲು. ಆದರೆ ಆಕರದ ಷರತ್ತನ್ನೇ ಸಡಿಲಿಸಿದರೆ ಆತ್ಮಪ್ರಶಂಸೆ, ಜಾತಿ ಪ್ರತಿಷ್ಠೆಯ ಸ್ಥಳಪುರಾಣಗಳು ನಿರಾತಂಕವಾಗಿ ಒಳನುಗ್ಗುತ್ತವೆ. ನಿಯಮ ಕೆಡಿಸುವುದು ಪರಿಹಾರವಲ್ಲ. ಆಕರವನ್ನು ಹೆಚ್ಚಿಸುವುದೇ ಪರಿಹಾರ.

ಇದಕ್ಕೆ ದಾರಿಯಿದೆ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ವಿಶ್ವಕೋಶದ ಬರೆಹಗಳನ್ನು ಮುಕ್ತ ಪರವಾನಗಿಯಡಿ ನೀಡಿದ್ದು ಮಾದರಿಯಾದ ನಡೆ. ಅಕಾಡೆಮಿಗಳು ಕಲಾವಿದರ ಸಂದರ್ಶನಗಳನ್ನು, ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಪರಿಷ್ಕರಿಸಿ, ದಿನಾಂಕ ಮತ್ತು ಸ್ಥಳಸಹಿತ ಪ್ರಕಟಿಸಿದರೆ ಮೌಖಿಕ ಜ್ಞಾನವೂ ಪರಿಶೀಲನಾರ್ಹ ಆಕರವಾಗುತ್ತದೆ. ಹೊಸ್ತಿಲು ಎತ್ತರವಾಗಿದೆ ಎಂದು ಕೊರಗುವುದಕ್ಕಿಂತ ಮೆಟ್ಟಿಲು ಕಟ್ಟುವುದು ಲೇಸು. ಆ ಕೆಲಸ ವಿಕಿಪೀಡಿಯದ್ದಲ್ಲ, ನಮ್ಮ ವಿದ್ವತ್ ಸಂಸ್ಥೆಗಳದ್ದು.