ಲಂಟಾನ ಎಣ್ಣೆ ಎಂಬ ಒಂದೇ ಎಣ್ಣೆ ಇಲ್ಲ

ಲಂಟಾನ ಕಾಡನ್ನು ನುಂಗುತ್ತಿದೆ ಎಂದಾಗಲೆಲ್ಲ ಒಂದು ಸಿದ್ಧ ಪರಿಹಾರ ಕೇಳಿಬರುತ್ತದೆ: ಎಲೆ ಕೊಯ್ದು ಭಟ್ಟಿ ಇಳಿಸಿ, ಎಣ್ಣೆ ಮಾರಿ, ಕಾಡೂ ಉಳಿಯುತ್ತದೆ, ಕಾಸೂ ಬರುತ್ತದೆ. ಆಧಾರಕ್ಕೆ ಎಣ್ಣೆಯ ಘಟಕಗಳ ಒಂದು ಪಟ್ಟಿ ಮುಂದಿಡುತ್ತಾರೆ. ಕ್ಯಾರಿಯೋಫಿಲೀನ್ ಇಷ್ಟು, ಸಬಿನೀನ್ ಇಷ್ಟು, ಸಿನಿಯೋಲ್ ಇಷ್ಟು. ಪಟ್ಟಿ ಸುಳ್ಳಲ್ಲ, ಆದರೆ ಅದು ಯಾವ ಗಿಡದ್ದು?

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಗೆ ಬಂದಿಳಿದ ಲಂಟಾನ ಅಪ್ಪಟ ಕಾಡುಜಾತಿಯಲ್ಲ. ಅಮೆರಿಕ ಖಂಡಗಳ ಗಿಡಗಳನ್ನು ಯುರೋಪಿನ ತೋಟಗಾರರು ಬೆರೆಸಿ ಬೆಳೆಸಿದ ಮಿಶ್ರತಳಿಗಳ ಗುಂಪು ಅದು. ಹೂವಿನ ಬಣ್ಣ ಗಿಡದಿಂದ ಗಿಡಕ್ಕೆ ಬೇರೆಯಾಗುವಂತೆ ಎಣ್ಣೆಯೂ ಬೇರೆಯಾಗುತ್ತದೆ. ಒಂದು ಕಡೆ ಬೀಟಾ-ಕ್ಯಾರಿಯೋಫಿಲೀನ್ ಮುಂದಿದ್ದರೆ ಇನ್ನೊಂದು ಕಡೆ ಜರ್ಮಾಕ್ರೀನ್-ಡಿ. ಮಡಗಾಸ್ಕರದ ಮಾದರಿಗಳಲ್ಲಿ ಡಾವನೋನ್ ಸಿಕ್ಕಿದೆ, ಅದೂ ನಮ್ಮ ದವನದ ಎಣ್ಣೆಯ ಮುಖ್ಯ ಅಂಶ! ಋತು, ಎಲೆಯ ವಯಸ್ಸು, ಒಣಗಿಸಿದ ರೀತಿ ಬದಲಾದರೂ ಅಂಕಿ ಅಲುಗುತ್ತದೆ.

ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಜಿಸಿ-ಎಂಎಸ್ ಯಂತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಜಿಸಿ-ಎಂಎಸ್‌ನಲ್ಲಿ ಎಣ್ಣೆಯನ್ನು ಕಾದ ಬಾಯಿಯೊಳಕ್ಕೆ ಚುಚ್ಚುತ್ತಾರೆ. ಆ ಬಿಸಿಗೆ ಜರ್ಮಾಕ್ರೀನ್-ಎ ತನ್ನ ರಚನೆ ಬದಲಿಸಿಕೊಂಡು ಬೀಟಾ-ಎಲಿಮೀನ್ ಆಗಿಬಿಡುತ್ತದೆ. ಗಿಡದಲ್ಲಿಲ್ಲದ ವಸ್ತು ಹೀಗೆ ವರದಿಯೊಳಕ್ಕೆ ನುಸುಳಬಹುದು. ಇನ್ನು ಕ್ಯಾರಿಯೋಫಿಲೀನ್, ಜರ್ಮಾಕ್ರೀನ್ ಸೇರುವ ಸೆಸ್ಕ್ವಿಟರ್ಪೀನ್‌ಗಳು ಒಂದರಂತೆ ಒಂದು ಕಾಣುವ ದೊಡ್ಡ ಕುಟುಂಬ. ಧಾರಣ ಸೂಚ್ಯಂಕವನ್ನು, ಅಂದರೆ ವಸ್ತು ಯಂತ್ರದಿಂದ ಹೊರಬರುವ ಸಮಯದ ಅಳತೆಯನ್ನು, ತಾಳೆ ನೋಡದೆ, ಗಣಕದ ಭಂಡಾರ ಸೂಚಿಸಿದ ಹೆಸರನ್ನೇ ಬರೆದುಕೊಂಡವರ ಪಟ್ಟಿಯನ್ನು ಹಿಡಿದು ಉದ್ಯಮ ಕಟ್ಟಲಾಗದು. ಸುಗಂಧ ಕೊಳ್ಳುವವನಿಗೆ ಈ ಸಲದ ಡಬ್ಬಿ ಕಳೆದ ಸಲದಂತೆಯೇ ಇರಬೇಕು.

ಇಳುವರಿಯೂ ಅಷ್ಟಕ್ಕಷ್ಟೆ. ಸಾವಿರ ಕೆಜಿ ಹಸಿ ಎಲೆಗೆ ಸಾಮಾನ್ಯವಾಗಿ ಒಂದೆರಡು ಕೆಜಿ ಎಣ್ಣೆ. ಕ್ಯಾರಿಯೋಫಿಲೀನೇ ಬೇಕೆಂದರೆ, ಲವಂಗದ ಎಣ್ಣೆಯಿಂದ ಯೂಜಿನಾಲ್ ತೆಗೆದ ಮೇಲೆ ಉಳಿಯುವ ಭಾಗದಲ್ಲಿ ಅದು ಧಾರಾಳವಾಗಿದೆ.

ವಿಷದ ಎಲೆಯ ಎಣ್ಣೆಯೂ ವಿಷವೇ ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುವುದಿಲ್ಲ. ದನಗಳ ಪಿತ್ತಜನಕಾಂಗ ಕೆಡಿಸುವ ಲಂಟಾಡೀನ್ ಹಬೆಯೊಂದಿಗೆ ಏರುವ ವಸ್ತುವಲ್ಲ. ಬೆಂದ ಸೊಪ್ಪಿನಲ್ಲೇ ಉಳಿಯುತ್ತದೆ. ಹಾಗಾಗಿ ಆ ಸೊಪ್ಪನ್ನು ಮೇವಿಗೆ ಹಾಕಬಾರದು, ಅಷ್ಟೆ.

ನನ್ನ ದೊಡ್ಡ ತಕರಾರು ಬೇರೆ. ಎಲೆ ಕೊಯ್ದರೆ ಲಂಟಾನ ಸಾಯುವುದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ಅದನ್ನು ಕೊಲ್ಲಬೇಕಾದರೆ ಮಣ್ಣಿನೊಳಗೆ, ಚಿಗುರೊಡೆಯುವ ಭಾಗಕ್ಕಿಂತ ಕೆಳಗೆ ತಾಯಿಬೇರನ್ನೇ ಕತ್ತರಿಸಬೇಕು. ಮುಂದಿನ ವರ್ಷವೂ ಭಟ್ಟಿಗೆ ಸೊಪ್ಪು ಬೇಕಾದವನು ಆ ಬೇರಿಗೆ ಯಾಕೆ ಕೈ ಹಾಕುತ್ತಾನೆ?