ಛಾಯಾಚಿತ್ರದಲ್ಲಿ ಕೌಶಲ ಮತ್ತು ಕಾಣ್ಕೆ

ಛಾಯಾಚಿತ್ರವು ಯಂತ್ರದ ಸೃಷ್ಟಿಯೋ ಮನಸ್ಸಿನ ಸೃಷ್ಟಿಯೋ ಎಂಬ ಪ್ರಶ್ನೆಯು ೧೮೩೯ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್‌ನ ವಿಧಾನವು ಪ್ರಕಟವಾದಂದಿನಿಂದಲೂ ಚರ್ಚೆಗೆ ಒಳಗಾಗಿದೆ. ಪರ್ಕಳ, ಮಣಿಪಾಲಗಳ ಪರಿಸರದಲ್ಲಿ ಈ ವಿದ್ಯೆಯನ್ನು ಅಭ್ಯಸಿಸುತ್ತಿರುವ ತರುಣರಿಗೆ ಇದು ಕೇವಲ ತಾತ್ತ್ವಿಕ ಜಿಜ್ಞಾಸೆಯಲ್ಲ. ಬೆಳಕಿನ ಪ್ರಮಾಣವನ್ನೂ ಬಿಂಬದ ಸ್ಫುಟತೆಯನ್ನೂ ಕ್ಯಾಮೆರಾ ತಾನೇ ನಿರ್ಣಯಿಸಬಲ್ಲ ಇಂದಿನ ದಿನಗಳಲ್ಲಿ, ಕೌಶಲವೊಂದನ್ನೇ ಸಂಪಾದಿಸಿದ ವಿದ್ಯಾರ್ಥಿಯ ಪಾಲಿಗೆ ಉಳಿಯುವುದೇನು?

ಕಾರ್ಕಳದ ಗೊಮ್ಮಟನನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ೧೪೩೨ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ, ಸುಮಾರು ೪೨ ಅಡಿ ಎತ್ತರದ ಈ ಮೂರ್ತಿಯ ಚಿತ್ರವನ್ನು ತೆಗೆಯದ ವಿದ್ಯಾರ್ಥಿ ಈ ಸೀಮೆಯಲ್ಲಿ ವಿರಳ. ಅಂತಹ ಚಿತ್ರಗಳಲ್ಲಿ ಅನೇಕ ವೇಳೆ ದೋಷವೂ ಕಾಣದು, ತೆಗೆದವನ ಮನಸ್ಸೂ ಕಾಣದು. ಪಾದದ ಬಳಿ ನಿಂತು ಕ್ಯಾಮೆರಾವನ್ನು ಮೇಲ್ಮುಖವಾಗಿ ಹಿಡಿದರೆ ಪಾದಗಳು ಹಿರಿದಾಗಿ ಶಿರಸ್ಸು ಕಿರಿದಾಗುತ್ತದೆ. ದೂರದಿಂದ ನೋಡಿದರೆ ಅಂಗಾಂಗಗಳ ಪ್ರಮಾಣವು ಉಳಿಯುತ್ತದೆ. ಮೊದಲನೆಯದನ್ನು ದೋಷವೆಂದು ತಿದ್ದುವುದು ವಾಡಿಕೆ. ಆದರೆ ಬೆಟ್ಟವನ್ನೇರಿ ಬಂದ ಯಾತ್ರಿಕನು ಆ ಮಹಾಮೂರ್ತಿಯ ಮುಂದೆ ಅನುಭವಿಸುವ ಅಲ್ಪತ್ವವನ್ನು ಹೇಳಬೇಕಾದವನಿಗೆ ಅದೇ ಗುಣವಾಗುತ್ತದೆ. ಏನನ್ನು ಹೇಳಬೇಕೆಂಬ ನಿರ್ಧಾರವಿಲ್ಲದೆ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲ. ಆದುದರಿಂದ ಕಾಣ್ಕೆಯು ಕೌಶಲದ ಅನಂತರ ಸೇರಿಸಬೇಕಾದ ಅಲಂಕಾರವಲ್ಲ. ಕೌಶಲಕ್ಕೆ ದಿಕ್ಕನ್ನು ಕೊಡುವ ಶಕ್ತಿ.

ಇವೆರಡೂ ಕೂಡಿಬಂದುದಕ್ಕೆ ಕನ್ನಡನಾಡಿನಲ್ಲಿ ದೊರೆಯುವ ಉತ್ತಮ ಉದಾಹರಣೆ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರ ಕೃತಿಗಳು. ಮಹಾರಾಜಾ ಕಾಲೇಜಿನಲ್ಲಿ ಓದಿ, ಪತ್ರಿಕಾವೃತ್ತಿಯನ್ನು ಹಿಡಿದು, ೧೯೭೭ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಇವರ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಬೀದಿಯ ಮಕ್ಕಳು, ದುಡಿಯುವ ಜನರು, ಸಾಮಾನ್ಯರ ದಿನಚರಿ ಇವೇ ಅವರ ವಸ್ತು. ಇಲ್ಲಿ ತಂತ್ರವು ಇಲ್ಲವೆಂದಲ್ಲ. ಅದು ವಸ್ತುವನ್ನು ಹಿಂದಿಕ್ಕಿ ಮುಂದೆ ಬರುವುದಿಲ್ಲ. ಚಿತ್ರದಲ್ಲಿರುವವರನ್ನು ಕುತೂಹಲದ ವಸ್ತುಗಳನ್ನಾಗಿ ಮಾಡದಿರುವ ಸಂಯಮವು ಅವರ ದೊಡ್ಡ ಗುಣ. ಕೆಲವೆಡೆ ಈ ಮಮತೆಯೇ ಮುಂದಾಗಿ, ಬಡತನದ ಕಾಠಿನ್ಯವು ನಗುಮುಖದ ಹಿಂದೆ ಮರೆಯಾಗುತ್ತದೆಂಬ ಆಕ್ಷೇಪಕ್ಕೆ ಅವಕಾಶವುಂಟು. ಆದರೂ ಆ ಮಿತಿಯು ಸಹ ಒಂದು ದೃಷ್ಟಿಯ ಮಿತಿಯೇ ಹೊರತು ದೃಷ್ಟಿಯ ಅಭಾವವಲ್ಲ.

ಇಂತಹ ದೃಷ್ಟಿಯು ಕ್ಯಾಮೆರಾದ ಅಭ್ಯಾಸವೊಂದರಿಂದಲೇ ಹುಟ್ಟುವಂತಹುದಲ್ಲ. ಫ್ರಾನ್ಸಿನ ಕಾರ್ತಿಯೆ ಬ್ರೆಸೋ ಮೊದಲು ಆಂದ್ರೆ ಲೋಟ್‌ನ ಬಳಿ ಚಿತ್ರಕಲೆಯನ್ನು ಅಭ್ಯಸಿಸಿದವನು. ಆತನ ಛಾಯಾಚಿತ್ರಗಳ ರಚನಾಬಂಧವು ಆ ಶಿಕ್ಷಣಕ್ಕೆ ಋಣಿಯಾಗಿದೆ. ಸತ್ಯನ್ನರಿಗೆ ಪತ್ರಿಕಾವೃತ್ತಿಯು ಜನಜೀವನದ ಪರಿಚಯವನ್ನು ಒದಗಿಸಿತು. ನಮ್ಮ ವಿದ್ಯಾರ್ಥಿಗಾದರೂ ಕ್ಯಾಮೆರಾವನ್ನು ಮೊದಲು ಕೈಗೆತ್ತಿಕೊಂಡಾಗ ಇದ್ದ ಬೆರಗು ನಿಯಮಗಳ ಅಭ್ಯಾಸದಲ್ಲಿ ಅಡಗಿಹೋಗಿರಬಹುದು, ನಾಶವಾಗಿರಲಾರದು. ಅದನ್ನು ಮರಳಿ ಪಡೆಯಲು ನಿಯಮಗಳನ್ನು ತೊರೆಯಬೇಕಾಗಿಲ್ಲ. ಪ್ರತಿಯೊಂದು ಅಭ್ಯಾಸಪಾಠದಲ್ಲಿಯೂ ‘ಹೇಗೆ’ ಎಂಬುದರ ಜೊತೆಗೆ ‘ಏತಕ್ಕೆ’ ಎಂದು ಕೇಳುವ ರೂಢಿಯನ್ನು ಅಧ್ಯಾಪಕರು ಬೆಳೆಸಬೇಕು.

ಇತಿಹಾಸದ ಅಭ್ಯಾಸಿಗೂ ಈ ವಿಚಾರದಲ್ಲಿ ಆಸಕ್ತಿಯುಂಟು. ಇಂದಿನ ಛಾಯಾಚಿತ್ರವು ನಾಳಿನ ಆಧಾರ. ಉಪಕರಣಗಳು ಹಳತಾಗುತ್ತವೆ, ಸ್ಫುಟತೆಯ ಅಳತೆಗಳು ಬದಲಾಗುತ್ತವೆ. ಒಂದು ಕಾಲದ ಜನರು ತಮ್ಮ ಸುತ್ತಣ ಬಾಳನ್ನು ಯಾವ ಮನಸ್ಸಿನಿಂದ ನೋಡಿದರೆಂಬುದಕ್ಕೆ ಸಾಕ್ಷಿಯಾಗುವುದು, ನೋಡಿದವನ ಮನಸ್ಸು ಒಳಗೊಂಡಿರುವ ಚಿತ್ರ ಮಾತ್ರ.